ಕ್ರೀಡೆಯೂ ರಸಾಸ್ವಾದವೂ

೧

ನಾಟ್ಯವು ಲೋಕದಲ್ಲಿ ಮೊದಲು ಪ್ರದರ್ಶಿತವಾದ ದಿನವೇ ಪ್ರೇಕ್ಷಕರ ನಡುವೆ ಗಲಭೆಯೂ ಹುಟ್ಟಿತೆಂದು ಭರತಮುನಿಯು ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಹೇಳಿರುವನು. ಮಹೇಂದ್ರನ ಧ್ವಜೋತ್ಸವದಲ್ಲಿ ದೇವತೆಗಳು ದೈತ್ಯರನ್ನು ಗೆದ್ದ ವೃತ್ತಾಂತವನ್ನು ಆಡಿ ತೋರಿಸಲಾಯಿತು. ನೋಡಲು ಬಂದಿದ್ದ ದೈತ್ಯರಿಗೆ ಅದು ಸಹನವಾಗಲಿಲ್ಲ. ತಾವು ಸೋತುದನ್ನು ಕಣ್ಣೆದುರಿಗೇ ಆಡಿ ತೋರಿಸುವ ಈ ನಾಟ್ಯವು ತಮಗೆ ಬೇಡವೆಂದು ಅವರು ವಿರೂಪಾಕ್ಷನನ್ನು ಮುಂದುಮಾಡಿಕೊಂಡು, ಮಾಯೆಯಿಂದ ನಟರ ಮಾತು, ಚಲನೆ, ಸ್ಮೃತಿ ಮೂರನ್ನೂ ಸ್ತಂಭನಗೊಳಿಸಿದರು. ಇಂದ್ರನು ಧ್ವಜದಂಡವನ್ನೆತ್ತಿ ಅವರನ್ನು ಜರ್ಜರಿತರನ್ನಾಗಿ ಮಾಡಿದನು. ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಅದರ ಅಂಗಾಂಗಕ್ಕೂ ದೇವತೆಗಳ ಕಾವಲಾಯಿತು. ಆದರೆ ದಂಡದಿಂದಲೂ ಕಾವಲಿನಿಂದಲೂ ಕಾರ್ಯವು ಪೂರ್ಣವಾಗಲಿಲ್ಲ. ಕೊನೆಗೆ ಬ್ರಹ್ಮನೇ ದೈತ್ಯರನ್ನು ಕರೆದು ಸಾಮದಿಂದ ಮಾತನಾಡಬೇಕಾಯಿತು. ನಾಟ್ಯವು ದೇವತೆಗಳ ಸ್ವತ್ತಲ್ಲ, ದೈತ್ಯರ ನಿಂದೆಯೂ ಅಲ್ಲ, ಮೂರು ಲೋಕಗಳ ಭಾವಗಳನ್ನೂ ತೋರಿಸುವುದೇ ಅದರ ಧರ್ಮ ಎಂಬುದು ಅವನ ಮಾತಿನ ತಾತ್ಪರ್ಯ.

ಇದನ್ನು ಪುರಾಣಕಥೆಯೆಂದು ಬದಿಗಿಡುವವರು ೧೯೯೬ನೆಯ ಇಸವಿಯ ಮಾರ್ಚಿ ೧೩ನೆಯ ತಾರೀಖನ್ನು ನೆನೆಯಬಹುದು. ಅಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನದಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಉಪಾಂತ್ಯದ ಪಂದ್ಯ. ಶ್ರೀಲಂಕಾ ತಂಡವು ೨೫೧ ರನ್ನುಗಳನ್ನು ಗಳಿಸಿದ್ದಿತು. ಒಂದೇ ವಿಕೆಟ್ಟಿಗೆ ೯೮ ರನ್ನು ಗಳಿಸಿದ್ದ ಭಾರತವು ನೋಡನೋಡುತ್ತಿದ್ದಂತೆ ೮ ವಿಕೆಟ್ಟಿಗೆ ೧೨೦ ಎಂಬ ಸ್ಥಿತಿಗೆ ಇಳಿಯಿತು. ಪ್ರೇಕ್ಷಕರು ಶೀಷೆಗಳನ್ನೆಸೆದರು, ಆಸನಗಳ ನಡುವೆ ಬೆಂಕಿಯಿಟ್ಟರು. ಆಟವು ಅಲ್ಲಿಗೇ ನಿಂತು, ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಲಾಯಿತು. ನಟರನ್ನು ಸ್ತಂಭನಗೊಳಿಸಿದ ದೈತ್ಯರಿಗೂ ಆಟಗಾರರನ್ನು ಸ್ತಂಭನಗೊಳಿಸಿದ ಈ ಪ್ರೇಕ್ಷಕರಿಗೂ ವ್ಯತ್ಯಾಸವು ಬಹಳವಿಲ್ಲ. ಇಬ್ಬರೂ ನೋಡಲು ಬಂದವರು. ಇಬ್ಬರೂ ನೋಡಲಾರದೆ ಹೋದವರು.

ಪೂರ್ವಕಾಲದಲ್ಲಿ ಇಂತಹ ಮಹಾಕ್ರೀಡೆಗಳು ರಾಜಧಾನಿಯ ಜನಕ್ಕೆ ಮಾತ್ರ ಲಭ್ಯವಾಗಿದ್ದುವು. ಈಗ ಹಾಗಿಲ್ಲ. ಶಿಂಷಾ ನದಿಯ ಬದಿಯ ಕೊಕ್ಕರೆ ಬೆಳ್ಳೂರಿನಂತಹ ಗ್ರಾಮದಲ್ಲಿಯೂ, ಹೊಲದಿಂದ ಬಂದು ಕೈಕಾಲು ತೊಳೆದು ಕುಳಿತ ಒಕ್ಕಲಿಗನ ಮನೆಯ ಗೋಡೆಯ ಮೇಲೆ ಅಹಮದಾಬಾದಿನ ಪಂದ್ಯವೂ ಪ್ಯಾರಿಸ್ಸಿನ ಓಟವೂ ಮೂಡಿ ನಿಲ್ಲುತ್ತವೆ. ಇಷ್ಟು ಜನರು ಇಷ್ಟು ಹೊತ್ತು ಮನಸ್ಸಿಟ್ಟು ನೋಡುವ ವಸ್ತುವು ಬೇರೊಂದಿಲ್ಲವೆಂದರೂ ಸಲ್ಲುವುದು. ಹೀಗಿರುವಲ್ಲಿ ಕಾವ್ಯವನ್ನು ಓದುವ ಬಗೆಯನ್ನೂ ನಾಟಕವನ್ನು ನೋಡುವ ಬಗೆಯನ್ನೂ ವಿಚಾರಮಾಡುವ ವಿಮರ್ಶೆಯು, ಆಟವನ್ನು ನೋಡುವ ಬಗೆಯನ್ನು ಮಾತ್ರ ತನ್ನ ಗಡಿಯಾಚೆಗೆ ಬಿಡುವುದು ಯುಕ್ತವಲ್ಲ.

೨

ಕ್ರೀಡೆಗೆ ರಸವುಂಟೇ ಎಂಬುದು ಇಲ್ಲಿ ಮೊದಲು ಏಳುವ ಪ್ರಶ್ನೆ. ಪೂರ್ವಪಕ್ಷಿಯು ಹೀಗೆ ವಾದಿಸಬಹುದು: ನಾಟಕದಲ್ಲಿ ರಾವಣನ ವೇಷದವನು ಸಾಯುವುದಿಲ್ಲ, ಸತ್ತಂತೆ ಅಭಿನಯಿಸುವನು, ಕ್ರೀಡೆಯಲ್ಲಿ ಸೋತವನು ನಿಜವಾಗಿಯೇ ಸೋಲುವನು. ಅದು ಅನುಕರಣ, ಇದು ಲೌಕಿಕವ್ಯಾಪಾರ. ಲೌಕಿಕವಾದ ಸುಖದುಃಖಗಳು ಹಾಗೆಹಾಗೆಯೇ ರಸವಾಗಲಾರವೆಂದು ಆಲಂಕಾರಿಕರೇ ಹೇಳಿರುವಾಗ ಕ್ರೀಡೆಗೆ ರಸವೆಲ್ಲಿಯದು?

ಇದಕ್ಕೆ ಸಮಾಧಾನವು ಆಟದ ಅಂಕಣದಲ್ಲಿಯೇ ಇದೆ. ಸುಣ್ಣದ ಗೆರೆಯನ್ನೆಳೆದೊಡನೆ ಆ ಗೆರೆಯ ಒಳಗಿನ ಲೋಕವು ಹೊರಗಿನ ಲೋಕದಿಂದ ಬೇರೆಯಾಗುವುದು. ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ದೀಪಗಳನ್ನು ಕಟ್ಟಿ ಕಬಡ್ಡಿಯಾಡಿಸುವುದು ವಾಡಿಕೆ. ಆ ಅಂಕಣದಲ್ಲಿ ಸತ್ತು ಹೊರಗೆ ಕುಳಿತವನು ಎದುರುಪಕ್ಷದ ಒಬ್ಬನು ಸಾಯುತ್ತಲೇ ಎದ್ದು ಬರುವನು. ಸಾವೆಂಬ ಶಬ್ದವನ್ನೇ ಆಟವು ಎರವಲು ಪಡೆದು, ಅದರ ವಿಷವನ್ನು ತೆಗೆದು, ಮಕ್ಕಳ ಕೈಗೆ ಕೊಟ್ಟಿದೆ. ಹಗೆಯಿಲ್ಲದೆ ಹೋರಾಟ, ಕೇಡಿಲ್ಲದೆ ಸೋಲು, ಮರಣವಿಲ್ಲದೆ ಸಾವು: ಇದನ್ನು ಕೇವಲ ಲೌಕಿಕವೆನ್ನುವುದು ಹೇಗೆ? ರಂಗಸ್ಥಳಕ್ಕೆ ಯಾವ ವಿಶೇಷವುಂಟೋ ಅದೇ ವಿಶೇಷವು ಅಂಕಣಕ್ಕೂ ಉಂಟು.

ರಸಸಾಮಗ್ರಿಗೂ ಅಲ್ಲಿ ಕೊರತೆಯಿಲ್ಲ. ಉತ್ಸಾಹವು ಸ್ಥಾಯಿ. ಎದುರಾಳಿ, ಮೈದಾನ, ಮೋಡ ಕವಿದ ಆಕಾಶ, ಉಳಿದಿರುವ ಸ್ವಲ್ಪ ಕಾಲ, ಇವು ವಿಭಾವಗಳು. ಏರಿದ ಉಸಿರು, ಬಿಗಿದ ದವಡೆ, ಬೆವರು, ಇವು ಅನುಭಾವಗಳು. ಔತ್ಸುಕ್ಯ, ಶಂಕೆ, ಧೃತಿ, ಹರ್ಷ, ವಿಷಾದ ಮೊದಲಾದ ಸಂಚಾರಿಗಳು ಒಂದು ಗಳಿಗೆಯಲ್ಲಿ ಬಂದು ಇನ್ನೊಂದು ಗಳಿಗೆಯಲ್ಲಿ ಹೋಗುತ್ತಿರುವುವು. ವೀರವು ಅಂಗಿಯಾಗಿ, ಅದ್ಭುತವೂ ಕರುಣವೂ ಅದಕ್ಕೆ ಅಂಗಗಳಾಗಿ ನಿಲ್ಲುವುವು.

ಫಲಿತಾಂಶದ ಕುತೂಹಲವೊಂದೇ ಆಟದ ಸಾರವೆಂಬುವರಿಗೆ ಒಂದು ಪ್ರಶ್ನೆಯನ್ನು ಹಾಕಬಹುದು. ೧೯೮೩ನೆಯ ಜೂನ್ ೨೫ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತವು ೧೮೩ ರನ್ನುಗಳನ್ನು ಮಾತ್ರ ಗಳಿಸಿ, ವೆಸ್ಟ್ ಇಂಡೀಸ್ ತಂಡವನ್ನು ೪೩ ರನ್ನುಗಳಿಂದ ಗೆದ್ದಿತು. ಆ ಪಂದ್ಯದ ಚಿತ್ರವನ್ನು ಜನರು ನಾಲ್ವತ್ತು ವರ್ಷಗಳ ಮೇಲೆಯೂ ನೋಡುತ್ತಿರುವರು. ಕೊನೆಯು ತಿಳಿದೇ ಇದೆ, ಆದರೂ ನೋಡುವರು. ಅದಕ್ಕೆ ಒಂದು ವಾರ ಮೊದಲು, ಜೂನ್ ೧೮ರಂದು, ಜಿಂಬಾಬ್ವೆಯ ಎದುರಿಗೆ ಕಪಿಲ್ ದೇವರು ೧೭೫ ರನ್ನುಗಳನ್ನು ಗಳಿಸಿದ ಪಂದ್ಯದ ಚಿತ್ರವೇ ಇಲ್ಲ. ಅಂದು ಒಂಬತ್ತನೆಯ ವಿಕೆಟ್ಟಿಗೆ ಕರ್ನಾಟಕದ ಸೈಯದ್ ಕಿರ್ಮಾನಿಯವರು ಜತೆಯಲ್ಲಿ ನಿಂತು ೧೨೬ ರನ್ನುಗಳು ಸೇರಿದುದನ್ನು ಕಂಡವರ ಬಾಯಿಂದ ಕೇಳಿ, ಕೇಳಿದವರಿಂದ ಮತ್ತೆ ಕೇಳಿ, ಜನರು ಕಥಾಶ್ರವಣದಂತೆ ಸುಖಿಸುತ್ತಿರುವರು. ರಾಮನು ಗೆಲ್ಲುವನೆಂದು ತಿಳಿದೇ ರಾಮಾಯಣವನ್ನು ಕೇಳುವವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಕುತೂಹಲವು ಆಟದ ಮೊದಲ ರುಚಿ; ಅದು ತೀರಿದ ಮೇಲೆಯೂ ಉಳಿಯುವುದೇ ರಸ.

೩

ರಸವಿದ್ದ ಮೇಲೆ ರಸವಿಘ್ನವೂ ಇರಬೇಕು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತಾಚಾರ್ಯನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಇಂತಹ ವಿಘ್ನಗಳನ್ನು ಏಳೆಂದು ಎಣಿಸಿರುವನು. ಅವುಗಳಲ್ಲಿ ಎರಡು ಪ್ರಕೃತಕ್ಕೆ ಮುಖ್ಯವಾದುವು. ಕಾಣುತ್ತಿರುವ ಸುಖದುಃಖಗಳನ್ನು 'ಇದು ನನ್ನದು, ಇದು ಪರರದು' ಎಂದು ಕಟ್ಟಿಹಾಕುವುದು ಒಂದು. ತನ್ನ ಮನೆಯ ಸುಖದುಃಖಗಳಲ್ಲಿಯೇ ಮುಳುಗಿ ಪರವಶನಾಗಿರುವುದು ಇನ್ನೊಂದು.

ಎರಡನೆಯದಕ್ಕೆ ಸುಲಭವಾದ ನಿದರ್ಶನ ಪಣ. ಹಣವಿಟ್ಟು ನೋಡುವವನಿಗೆ ದಾಂಡಿಗನ ಮಣಿಕಟ್ಟಿನ ಚೆಲುವು ಕಾಣಿಸದು, ತನ್ನ ಹಣದ ಚೀಲವು ಕಾಣಿಸುವುದು. ಮನುಸ್ಮೃತಿಯು ನಿರ್ಜೀವವಸ್ತುಗಳಿಂದ ಆಡುವ ದ್ಯೂತವನ್ನೂ ಜೀವಿಗಳನ್ನು ಪಣಕ್ಕೆ ಹಚ್ಚುವ ಸಮಾಹ್ವಯವನ್ನೂ ಬೇರೆಬೇರೆಯಾಗಿ ಹೇಳಿ, ಎರಡನ್ನೂ ರಾಜನು ತಡೆಯಬೇಕೆಂದು ವಿಧಿಸಿದೆ. ೨೦೨೫ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಅಂತರ್ಜಾಲದಲ್ಲಿ ಹಣವಿಟ್ಟಾಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಧರ್ಮಶಾಸ್ತ್ರವೂ ರಾಜಶಾಸನವೂ ಕುಟುಂಬದ ನಾಶವನ್ನು ನೆನೆದು ಪಣವನ್ನು ತಡೆದರೆ, ಅಲಂಕಾರಶಾಸ್ತ್ರವು ಆಸ್ವಾದದ ನಾಶವನ್ನು ನೆನೆದು ಅದೇ ನಿರ್ಣಯಕ್ಕೆ ಬರುವುದು.

ಮೊದಲನೆಯ ವಿಘ್ನವಾದ ಮಮತೆಯ ವಿಚಾರವು ಇಷ್ಟು ಸುಲಭವಲ್ಲ. ಮಮತೆಯಿಲ್ಲದೆ ಆಟವನ್ನು ನೋಡಲು ಬರುವುದೇ? ಎರಡು ಪಕ್ಷಗಳಲ್ಲಿ ಯಾವುದಾದರೂ ಸರಿಯೆಂದು ಕುಳಿತವನಿಗೆ ಅದು ಇಪ್ಪತ್ತೆರಡು ಜನರ ಓಡಾಟವಾಗಿ ಮಾತ್ರ ಕಂಡೀತು. ತನ್ನ ಊರು, ತನ್ನ ನಾಡು ಎಂಬ ಅಭಿಮಾನವೇ ಜನರನ್ನು ಅಂಕಣದ ಬಳಿಗೆ ಎಳೆದು ತರುವುದು. ಗೀತೆಯು ಜಯವನ್ನೂ ಅಪಜಯವನ್ನೂ ಸಮವಾಗಿ ಕಾಣೆಂದು ಬೋಧಿಸಿದುದು ಯುದ್ಧಮಾಡಬೇಕಾದ ಅರ್ಜುನನಿಗೆ. ಅದನ್ನು ಹಿಡಿದು ನೋಡುವವನು ಕಲ್ಲಾಗಬೇಕೆಂದು ಹೇಳುವುದು ಸಲ್ಲದು.

ಈ ಆಕ್ಷೇಪಣೆಯು ಬಲವಾದುದೇ ಸರಿ. ಇದಕ್ಕೆ ಉತ್ತರವನ್ನು ಕನ್ನಡದ ಮಹಾಕವಿಗಳೇ ಕೊಟ್ಟಿರುವರು.

೪

ರನ್ನನು ತನ್ನ ಕಾವ್ಯಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟನು. ತನಗೆ ಆಶ್ರಯವಿತ್ತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಅಭೇದವಾಗಿ ಹೇಳಿದನು. ಕವಿಯ ಪಕ್ಷವಾವುದೆಂಬುದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆದರೂ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವವನಾರು? ರಣರಂಗದಲ್ಲಿ ಹೆಣಗಳ ನಡುವೆ ಒಬ್ಬನೇ ನಡೆದುಹೋಗುವ ದುರ್ಯೋಧನನು. ಅವನು ದ್ರೋಣನನ್ನು ಕಂಡು ಮರುಗುವನು, ತಮ್ಮನನ್ನೂ ಮಗನನ್ನೂ ಕರ್ಣನನ್ನೂ ಕಂಡು ಕರಗುವನು. ಅಷ್ಟೇ ಅಲ್ಲ, ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು, ಅಂತಹ ವೀರಮರಣವು ತನಗೂ ದೊರೆಯಲೆಂದು ಕೈಮುಗಿಯುವನು. ಸೋಲು ಸಮೀಪಿಸಿರುವಾಗ ಎದುರುಪಕ್ಷದವನ ಪರಾಕ್ರಮಕ್ಕೆ ಮಣಿಯಬಲ್ಲ ಈ ದೊಡ್ಡತನದಿಂದಲೇ, ಕಾವ್ಯದ ನಾಯಕನು ಭೀಮನೋ ದುರ್ಯೋಧನನೋ ಎಂಬ ಚರ್ಚೆಯು ಕನ್ನಡದ ವಿದ್ವಾಂಸರಲ್ಲಿ ಬಹುಕಾಲ ನಡೆದುದು. ಪಂಪನಾದರೂ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ವಿಕ್ರಮಾರ್ಜುನವಿಜಯವನ್ನು ಬರೆದನು. ಆದರೆ ಭಾರತದಲ್ಲಿ ನೆನೆಯತಕ್ಕವನನ್ನು ಹೇಳುವಲ್ಲಿ ಕರ್ಣನನ್ನೇ ಹೇಳಿದನು.

ಇದರಿಂದ ಸಿದ್ಧವಾಗುವುದೇನು? ಪಕ್ಷವಿರಬಾರದೆಂದು ಪಂಪರನ್ನರು ಹೇಳಲಿಲ್ಲ. ಇಬ್ಬರಿಗೂ ಪಕ್ಷವಿದ್ದಿತು, ಆ ಪಕ್ಷದಿಂದಲೇ ಅವರಿಗೆ ಅನ್ನವೂ ಅಗ್ರಹಾರವೂ ಬಂದುವು. ಆದರೆ ಪಕ್ಷವು ಅವರಿಗೆ ಕಾವ್ಯದ ಬಾಗಿಲಾಗಿದ್ದಿತೇ ಹೊರತು ಗೋಡೆಯಾಗಿರಲಿಲ್ಲ. ಅಭಿಮಾನದಿಂದ ಒಳಗೆ ಬಂದವನು ಅಭಿಮಾನವನ್ನು ಮೀರಿ ನೋಡುವಂತೆ ಮಾಡುವುದೇ ಕಾವ್ಯದ ಶಕ್ತಿ. ಕ್ರೀಡೆಯನ್ನು ನೋಡುವವನಿಂದಲೂ ಇಷ್ಟನ್ನೇ ಅಪೇಕ್ಷಿಸತಕ್ಕುದು. ಅವನು ತನ್ನವರ ಗೆಲುವನ್ನು ಬಯಸಲಿ. ಬಯಸುತ್ತ ಬಯಸುತ್ತಲೇ ಎದುರಿನವನ ಕೌಶಲವನ್ನು ಕಾಣಲಿ.

ಆಡುವವನ ಧರ್ಮವು ಇದರಿಂದ ಬೇರೆಯೆಂಬುದನ್ನೂ ಇಲ್ಲಿಯೇ ಹೇಳಬೇಕು. ಅವನಿಗೆ ಜಯವೇ ಗುರಿಯಾಗಿರಬೇಕು. ೨೦೦೦ದ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಹಣ ಪಡೆದು ಪಂದ್ಯಗಳ ವಿಚಾರದಲ್ಲಿ ಜೂಜುಗಾರರೊಡನೆ ಸೇರಿದ್ದ ಸಂಗತಿಯು ಬಯಲಾದಾಗ ಕ್ರಿಕೆಟ್ಟಿನ ಲೋಕವೆಲ್ಲ ತತ್ತರಿಸಿತು. ಗೆಲ್ಲಬೇಕೆಂಬ ನಿಷ್ಠೆಯಿಲ್ಲದವರು ಆಡಿದರೆ ನೋಡುವವನಿಗೆ ಉಳಿಯುವುದು ವಂಚನೆ ಮಾತ್ರ. ಆಡುವವನು ಗೆಲುವಿಗಾಗಿ ಪ್ರಾಣವಿಟ್ಟು ಹೋರಾಡುವುದರಿಂದಲೇ, ನೋಡುವವನಿಗೆ ಗೆಲುವಿಗಿಂತ ಹೆಚ್ಚಿನದು ದೊರೆಯುವುದು.

ಆಟವನ್ನು ಕಲೆಗಳ ಸಾಲಿನಲ್ಲಿ ಕೂರಿಸುವುದು ಹೊಸ ಮಾತೆಂದು ವಾಚಕರು ತಿಳಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನು, ಮಾನಸೋಲ್ಲಾಸವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಅರಸನ ಇಪ್ಪತ್ತು ವಿನೋದಗಳನ್ನು ಹೇಳುವಾಗ, ಮಲ್ಲರ ಕಾಳಗವನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ಗೀತ, ವಾದ್ಯ, ನೃತ್ಯ, ಕಥೆಗಳನ್ನೂ ಒಂದೇ ಮಾಲೆಯಲ್ಲಿ ಪೋಣಿಸಿರುವನು. ಕನ್ನಡನಾಡಿನ ಹಳೆಯ ಪದ್ಧತಿಗಳಲ್ಲಿಯೂ ಇದೇ ಭಾವವು ಹುದುಗಿದೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿದ ಜಟ್ಟಿಗಳು ವಜ್ರಮುಷ್ಟಿಯನ್ನು ಹಿಡಿದು ಕಾದುವರು; ನೆತ್ತಿಯಲ್ಲಿ ರಕ್ತವು ಕಂಡೊಡನೆ ಕಾಳಗವನ್ನು ನಿಲ್ಲಿಸಲಾಗುವುದು. ಎದುರಾಳಿಯನ್ನು ಕೆಡಹಿ ಅವನ ಎದೆಯನ್ನೇರುವ ಅವಕಾಶವೇ ಅಲ್ಲಿಲ್ಲ. ತುಳುನಾಡಿನ ಕಂಬಳದಲ್ಲಿ ಕನೆಹಲಗೆಯೆಂಬ ಒಂದು ವಿಭಾಗವುಂಟು. ಅಲ್ಲಿ ಕೋಣಗಳ ವೇಗವು ಗಣನೆಗೆ ಬಾರದು. ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ಕೆಸರುನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದೊಂದೇ ಲೆಕ್ಕ. ಯಾರು ಯಾರನ್ನು ಹಿಂದೆ ಹಾಕಿದರೆಂಬುದನ್ನು ಬಿಟ್ಟು, ನೀರು ಆಕಾಶಕ್ಕೇರುವ ಆ ಚೆಲುವನ್ನೇ ಅಳೆಯುವ ಸ್ಪರ್ಧೆಯನ್ನು ಓದುಬರಹವಿಲ್ಲದ ಒಕ್ಕಲುಮಕ್ಕಳು ಕಲ್ಪಿಸಿದರೆಂಬುದು ಗಮನಾರ್ಹ.

೫

ಸೋತ ಪಂದ್ಯಗಳಲ್ಲಿ ರಸವು ಹೇಗೆ ಸಿದ್ಧಿಸುವುದೆಂಬುದಕ್ಕೆ ಎರಡು ನಿದರ್ಶನಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಎರಡರಲ್ಲಿಯೂ ಕನ್ನಡಿಗರ ಪಾತ್ರವಿದೆ.

೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯವು ನಡೆಯಿತು. ಭದ್ರಾವತಿಯ ಗುಂಡಪ್ಪ ವಿಶ್ವನಾಥರು ಭಾರತದ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ಟುಗಳು ೫೮ ರನ್ನಿಗೆ ಉರುಳಿದ್ದುವು. ಅನಂತರ ಬಾಬ್ ಟೇಲರ್ ಎಂಬ ದಾಂಡಿಗನು ಔಟೆಂದು ತೀರ್ಪುಗಾರನು ಬೆರಳೆತ್ತಿದನು. ಚೆಂಡು ದಾಂಡಿಗೆ ತಗುಲಲಿಲ್ಲವೆಂದು ತೋರಿದುದರಿಂದ ವಿಶ್ವನಾಥರು ಅವನನ್ನು ಹಿಂದಕ್ಕೆ ಕರೆದರು. ಅವನು ೪೩ ರನ್ನು ಗಳಿಸಿ, ಬೋಥಮನೊಡನೆ ಸೇರಿ ೧೭೧ ರನ್ನುಗಳ ಜತೆಯಾಟವನ್ನು ಕಟ್ಟಿದನು. ಇಂಗ್ಲೆಂಡು ೧೦ ವಿಕೆಟ್ಟುಗಳಿಂದ ಗೆದ್ದಿತು. ಲೆಕ್ಕದ ದೃಷ್ಟಿಯಿಂದ ಇದು ನಾಯಕನ ಅಪಚಾರ. ಆದರೆ ಕವಚಕುಂಡಲಗಳನ್ನು ಕೊಟ್ಟುದೂ ಲೆಕ್ಕದ ದೃಷ್ಟಿಯಿಂದ ಕರ್ಣನ ಅಪಚಾರವೇ. ಆ ಪಂದ್ಯದಲ್ಲಿ ಗೆದ್ದ ನಾಯಕನ ಹೆಸರನ್ನು ಕೇಳಿದರೆ ಹಲವರು ತಡವರಿಸುವರು. ಹಿಂದಕ್ಕೆ ಕರೆದವನ ಹೆಸರನ್ನು ಮರೆತವರಿಲ್ಲ.

ಎರಡನೆಯದು ಪ್ರೇಕ್ಷಕರ ಕಥೆ. ೧೯೯೯ರ ಜನವರಿಯಲ್ಲಿ ಪಾಕಿಸ್ತಾನದ ತಂಡವು ಭಾರತಕ್ಕೆ ಬಂದಿತು. ಆ ಪ್ರವಾಸಕ್ಕೇ ಪ್ರಬಲವಾದ ವಿರೋಧವಿದ್ದಿತು. ಚೆನ್ನೈಯ ಚೆಪಾಕ್ ಮೈದಾನದ ಟೆಸ್ಟಿನಲ್ಲಿ ಭಾರತದ ಹನ್ನೊಂದು ಮಂದಿಯ ಪೈಕಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ಸುನಿಲ್ ಜೋಶಿ. ಎರಡನೆಯ ಸರದಿಯಲ್ಲಿ ಪ್ರಸಾದರು ೩೩ ರನ್ನಿಗೆ ೬ ವಿಕೆಟ್ಟುಗಳನ್ನು ಕಿತ್ತರು. ಗೆಲ್ಲಲು ಬೇಕಾದುದು ೨೭೧. ಬೆನ್ನುನೋವಿನಿಂದ ಬಳಲುತ್ತಿದ್ದ ತೆಂಡುಲ್ಕರರು ೧೩೬ ರನ್ನುಗಳನ್ನು ಗಳಿಸಿ, ಇನ್ನು ೧೭ ರನ್ನು ಬೇಕಾಗಿದ್ದಾಗ ಔಟಾದರು. ಉಳಿದ ಮೂರು ವಿಕೆಟ್ಟುಗಳು ನಾಲ್ಕು ರನ್ನುಗಳೊಳಗೆ ಬಿದ್ದುವು. ಪ್ರಸಾದರು ಒಂದು ತುದಿಯಲ್ಲಿ ಔಟಾಗದೆ ನಿಂತಿರುವಂತೆಯೇ ಸಕ್ಲೇನ್ ಮುಷ್ತಾಕರ ಚೆಂಡಿಗೆ ಶ್ರೀನಾಥರ ಗೂಟವು ಉರುಳಿತು. ಭಾರತವು ೧೨ ರನ್ನುಗಳಿಂದ ಸೋತಿತು. ಒಂದು ಕ್ಷಣ ಮೈದಾನವೆಲ್ಲ ಮೌನ. ಮರುಕ್ಷಣ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆಯಿಟ್ಟರು. ವಾಸಿಂ ಅಕ್ರಮರ ತಂಡವು ಮೈದಾನವನ್ನು ಸುತ್ತಿ ಬಂದಿತು. ಚಪ್ಪಾಳೆಯು ಅವರ ಜತೆಯಲ್ಲಿಯೇ ಸುತ್ತಿತು.

ಅಂದು ಚೆಪಾಕಿನ ಜನರಿಗೆ ದುಃಖವಿರಲಿಲ್ಲವೆನ್ನಲಾಗದು. ಇದ್ದಿತು, ಕಣ್ಣೀರೂ ಇದ್ದಿತು. ಆದರೆ ಕಲ್ಕತ್ತೆಯಲ್ಲಿ ಕೋಪಕ್ಕೆ ತಿರುಗಿದ ವಿಷಾದವು ಚೆನ್ನೈಯಲ್ಲಿ ಗೌರವಕ್ಕೆ ತಿರುಗಿತು. ವಿಭಾವಗಳು ಎರಡೂ ಕಡೆ ಒಂದೇ ಬಗೆಯವು: ತುಂಬಿದ ಮೈದಾನ, ಕೈಗೆ ಬಂದ ಗೆಲುವು ಜಾರಿದುದು. ನೋಡುವವರು ಮಾತ್ರ ಬೇರೆಯಾಗಿದ್ದರು. ಸಹೃದಯನೆಂದರೆ ದೀರ್ಘಾಭ್ಯಾಸದಿಂದ ಮನಸ್ಸು ಕನ್ನಡಿಯಂತೆ ತಿಳಿಯಾದವನೆಂದು ಪ್ರಾಚೀನರು ಹೇಳುವರು. ಸಕ್ಲೇನರ ಚೆಂಡು ಯಾವ ಕಡೆಗೆ ತಿರುಗುವುದೆಂಬುದು ಎಷ್ಟು ಕಠಿನವಾದ ವಿದ್ಯೆಯೆಂದು ಬಲ್ಲವನು ಅದನ್ನು ದ್ವೇಷಿಸಲಾರನು. ಬಲ್ಲತನವು ಹೆಚ್ಚಿದಷ್ಟೂ ದ್ವೇಷಕ್ಕೆ ಎಡೆಯು ಕಡಮೆಯಾಗುವುದು. ಆದುದರಿಂದ ಔದಾರ್ಯವನ್ನು ಬರಿಯ ಸದ್ಗುಣವೆಂದು ಉಪದೇಶಿಸುವುದಕ್ಕಿಂತ ಆಟವನ್ನು ಚೆನ್ನಾಗಿ ನೋಡಲು ಕಲಿಸುವುದು ಮೇಲು.

೬

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ವೃತ್ತಾಂತವು ಈ ವಿಚಾರಕ್ಕೆ ಕಾವ್ಯವಸ್ತುವಿನಂತೆಯೇ ಇದೆ. ೨೦೦೮ರಲ್ಲಿ ಹುಟ್ಟಿದ ಈ ತಂಡವು ೨೦೦೯, ೨೦೧೧, ೨೦೧೬ ಹೀಗೆ ಮೂರು ಬಾರಿ ಅಂತಿಮ ಪಂದ್ಯವನ್ನು ಮುಟ್ಟಿ ಮೂರು ಬಾರಿಯೂ ಸೋತಿತು. ೨೦೦೯ರಲ್ಲಿ ನಾಯಕ ಕುಂಬ್ಳೆಯವರು ೧೬ ರನ್ನಿಗೆ ೪ ವಿಕೆಟ್ಟು ಪಡೆದರು. ತಂಡವು ೬ ರನ್ನುಗಳಿಂದ ಸೋತರೂ ಪಂದ್ಯದ ಶ್ರೇಷ್ಠ ಆಟಗಾರರೆಂಬ ಮನ್ನಣೆಯು ಅವರಿಗೇ ಸಂದಿತು. ೨೦೧೬ರಲ್ಲಿ ಸ್ವಂತ ಮೈದಾನದಲ್ಲಿಯೇ ೮ ರನ್ನುಗಳ ಸೋಲು. ಇಷ್ಟಾದರೂ ಜನರ ಪ್ರೀತಿಯು ಕುಗ್ಗಲಿಲ್ಲ, ಬೆಳೆಯಿತು.

ಈ ಪ್ರೀತಿಯಿಂದ ಕನ್ನಡಕ್ಕೆ ಒಂದು ಜನವಾಣಿಯು ದೊರಕಿತು: 'ಈ ಸಲ ಕಪ್ ನಮ್ದೆ'. ವಿಮರ್ಶಕನು ಇದನ್ನು ಹಗುರವಾಗಿ ಕಾಣಬಾರದು. ವಾಚ್ಯಾರ್ಥವು ಗೆಲುವಿನ ಪ್ರತಿಜ್ಞೆ. ಆದರೆ 'ಈ ಸಲ' ಎಂಬ ಎರಡು ಶಬ್ದಗಳಲ್ಲಿ ಕಳೆದ ಸಲದ ಸೋಲೂ ಅದರ ಹಿಂದಿನ ಸಲದ ಸೋಲೂ ಧ್ವನಿತವಾಗುವುವು. 'ನಮ್ದೆ' ಎಂಬಲ್ಲಿಯ ಅವಧಾರಣಾರ್ಥದ ಏಕಾರವು, ನಿಶ್ಚಯವಿಲ್ಲದೆಡೆಯಲ್ಲಿ ನಿಶ್ಚಯವನ್ನು ನಟಿಸುವ ಏಕಾರ. ಪ್ರತಿ ವರ್ಷವೂ ಅದನ್ನು ಹೇಳುತ್ತ ಹೇಳುತ್ತ, ಸೋತ ಮೇಲೆ ತಮ್ಮನ್ನು ತಾವೇ ನಕ್ಕು, ಮುಂದಿನ ವರ್ಷ ಮತ್ತೆ ಅದನ್ನೇ ಹೇಳಿದ ಜನರು ಗೆಲುವಿಲ್ಲದೆಯೇ ಆಟವನ್ನು ಆಸ್ವಾದಿಸುವುದನ್ನು ಅರಿಯದೆ ಕಲಿತಿದ್ದರು. ಆಶೆಯೂ ಹಾಸ್ಯವೂ ಸೇರಿದ ಈ ಮಾತು ಧ್ವನಿಕಾವ್ಯಕ್ಕೆ ದೂರವಲ್ಲ.

೨೦೨೪ರಲ್ಲಿ ಆ ತಂಡದ ಹೆಣ್ಣುಮಕ್ಕಳು ತಮ್ಮ ಸ್ಪರ್ಧೆಯ ಕಪ್ಪನ್ನು ತಂದರು. ೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಪುರುಷರ ತಂಡವೂ ಪಂಜಾಬನ್ನು ಸೋಲಿಸಿತು. ಅಂತರವು ೬ ರನ್ನು. ೨೦೦೯ರಲ್ಲಿ ಸೋತುದೂ ಆರರಿಂದಲೇ. 'ನಮ್ದೆ' ಎಂಬುದು ಅಂದು 'ನಮ್ದು' ಎಂದಾಯಿತು. ಏಕಾರವು ಬಿದ್ದುಹೋಗಿ ಮಾತು ವಾಚ್ಯಮಾತ್ರವಾಗಿ ಉಳಿಯಿತು.

ಮರುದಿನ, ಜೂನ್ ೪ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣಬಿಟ್ಟರು. ಸಂತೋಷದಿಂದ ಬಂದು ಮಡಿದವರಲ್ಲಿ ದೋಷವನ್ನು ಹುಡುಕುವುದು ಮನುಷ್ಯಧರ್ಮವಲ್ಲ. ವ್ಯವಸ್ಥೆಯ ಲೋಪವು ಯಾರದೆಂಬುದನ್ನು ನಿರ್ಣಯಿಸುವ ಸ್ಥಾನಗಳು ಬೇರೆ ಇವೆ. ವಿಮರ್ಶೆಯು ಕೇಳಬೇಕಾದ ಪ್ರಶ್ನೆಯು ಇನ್ನೊಂದು. ಆ ದಿನ ಆ ಮೈದಾನದಲ್ಲಿ ಆಟವೇ ಇರಲಿಲ್ಲ. ಚೆಂಡಿರಲಿಲ್ಲ, ಗೂಟವಿರಲಿಲ್ಲ, ಎದುರುಪಕ್ಷವಿರಲಿಲ್ಲ, ಜಯವೊಂದೇ ಇದ್ದಿತು. ಹದಿನೆಂಟು ವರ್ಷ ಆಟದಲ್ಲಿ ಸುಖವನ್ನು ಕಂಡ ಜನಕ್ಕೆ, ಸುಖವೆಲ್ಲವೂ ಆಟವು ಮುಗಿದ ಮೇಲೆ ಮೆರವಣಿಗೆಯಲ್ಲಿರುವುದೆಂದು ಯಾರು ಹೇಳಿದರು? ಪತ್ರಿಕೆಗಳ ದೊಡ್ಡ ಅಕ್ಷರಗಳು, ವ್ಯಾಪಾರಿಗಳ ಜಾಹಿರಾತುಗಳು, ಮನೆಮನೆಯ ಮಾತುಗಳು, ಎಲ್ಲವೂ ಕೂಡಿ ಹೇಳಿದುವು. ಆಟವನ್ನು ಗೆಲುವಿಗೆ ಇಳಿಸುವುದು ಬರಿಯ ಅಭಿರುಚಿಯ ದೋಷವೆಂದು ತಿಳಿದವರಿಗೆ ಆ ೧೧ ಮನೆಗಳ ಶೋಕವು ಉತ್ತರ ಕೊಡುವುದು.

೭

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಮೊದಲು ಹೆಸರಿಸಿದುದಕ್ಕೆ ಇನ್ನೊಂದು ಕಾರಣವೂ ಉಂಟು. ಅಲ್ಲಿಯ ಜನಕ್ಕೆ ಬೇಸಗೆಯಲ್ಲಿ ನೋಡಲು ಎರಡು ಮಹೋತ್ಸವಗಳಿವೆ. ಚೈತ್ರ ವೈಶಾಖಗಳಲ್ಲಿ ಮನೆಯೊಳಗಿನ ಗೋಡೆಯ ಮೇಲೆ ಕ್ರಿಕೆಟ್ಟು ನಡೆಯುತ್ತಿರುವಾಗಲೇ, ಮನೆಯ ಹೊರಗೆ ಹುಣಿಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿಗಳನ್ನು ಸಾಕುತ್ತಿರುವುವು. ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಭಾವಿಸುವರು. ಹಿಕ್ಕೆಯ ಗೊಬ್ಬರವೂ, ಹುಣಿಸೆಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆಯು ಕೊಡುವ ಪರಿಹಾರವೂ ಉಂಟೆಂಬುದು ನಿಜ. ಆದರೆ ಗೂಡಿನಿಂದ ಬಿದ್ದ ಮರಿಯನ್ನೆತ್ತಿ ಮೀನು ತಿನ್ನಿಸಿ ಸಾಕಿ ಬಿಡುವ ಅಲ್ಲಿಯ ಹೆಜ್ಜಾರ್ಲೆ ಬಳಗದ ಕೆಲಸವು ಆ ಲೆಕ್ಕದೊಳಗೆ ಬಾರದು. ೨೦೦೭ರಲ್ಲಿ ಸರ್ಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಊರವರ ನೋಟವು ಅದಕ್ಕಿಂತ ಎಷ್ಟೋ ಹಳೆಯದು.

ಆ ಮರಗಳ ಕೆಳಗೆ ನಿಂತವನಿಗೆ ಯಾವ ಪಕ್ಷವೂ ಇಲ್ಲ, ಆದರೂ ಔತ್ಸುಕ್ಯವಿದೆ. ಮೊದಲ ಬಾರಿ ರೆಕ್ಕೆ ಬಿಚ್ಚಿದ ಮರಿಯು ಹಾರೀತೋ ಬಿದ್ದೀತೋ ಎಂಬ ಶಂಕೆಯಿದೆ, ಹಾರಿದಾಗ ಹರ್ಷವಿದೆ, ಬಿದ್ದಾಗ ಕರುಣೆಯಿದೆ. ಗೆದ್ದವರಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇಂತಹ ಕಣ್ಣು ಆ ಊರಿನವರಿಗೆ ಯಾವ ಶಾಸ್ತ್ರದಿಂದಲೂ ಬಂದುದಲ್ಲ. ವರ್ಷವರ್ಷವೂ ನೋಡಿ ನೋಡಿ ಬಂದುದು. ಹಕ್ಕಿಗೂ ಆಟಕ್ಕೂ ಭೇದವಿದೆ, ಆಟವು ಸ್ಪರ್ಧೆಯಿಲ್ಲದೆ ನಡೆಯದು. ಆದರೆ ಹೊರಗಿನ ಮರದ ಕಡೆಗೆ ಎತ್ತುವ ಕಣ್ಣನ್ನೇ ಒಳಗಿನ ಗೋಡೆಯ ಕಡೆಗೂ ತಿರುಗಿಸುವುದು ಅಸಾಧ್ಯವೇನೂ ಅಲ್ಲ.

ಇದಕ್ಕೆ ಗೃಹಸ್ಥರು ಮಾಡಬಹುದಾದ ಕೆಲಸವು ಸಣ್ಣದು. ಪಂದ್ಯವನ್ನು ನೋಡಿ ಬಂದ ಮಗುವನ್ನು ತಂದೆತಾಯಿಗಳು ಮೊದಲು ಕೇಳುವ ಮಾತು 'ಯಾರು ಗೆದ್ದರು?' ಎಂಬುದು. ಅದನ್ನು ಎರಡನೆಯ ಮಾತಾಗಿಸಿ, 'ಏನು ನೋಡಿದೆ?' ಎಂಬುದನ್ನು ಮೊದಲ ಮಾತಾಗಿಸಬಹುದು. ಮೊದಲನೆಯದಕ್ಕೆ ಉತ್ತರವು ಒಂದು ಶಬ್ದದಲ್ಲಿ ಮುಗಿಯುವುದು. ಎರಡನೆಯದಕ್ಕೆ ಉತ್ತರ ಹೇಳಲು ಮಗುವು ಎದುರುಪಕ್ಷದವನ ಆಟವನ್ನೂ ನೆನೆಯಬೇಕಾಗುವುದು, ಸೋತವನ ಮುಖವನ್ನೂ ನೆನೆಯಬೇಕಾಗುವುದು. ಹಾಗೆ ನೆನೆದು ಹೇಳಲು ಕಲಿತ ಮಗುವು ಮುಂದೆ ರನ್ನನನ್ನು ಓದುವಾಗ, ದುರ್ಯೋಧನನು ಅಭಿಮನ್ಯುವಿನ ಮುಂದೆ ಕೈಮುಗಿದುದೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.